ಸೋಸಿದ ಮೇಪಲ್ ಸಿರಪ್ಪನ್ನೇ ತಗೋ ಮಗಳೇ

"ಸೋಸದೇ ಇರೋ ಮೇಪಲ್ ಸಿರಪ್‌ನಲ್ಲಿ ಖನಿಜಾಂಶ ಜಾಸ್ತಿ ಅಂತೆ, ಮಗುವಿಗೆ ಅದನ್ನೇ ಕೊಡ್ಲಾ ದೊಡ್ಡಮ್ಮ?" ಅಂತ ಕೇಳಿದೆಯಲ್ಲ. ಬೇಡ. ಯಾಕೆ ಅಂತ ಹೇಳ್ತೀನಿ, ಕೇಳು.

ನೀನೀಗ ಇರುವ ಕ್ವಿಬೆಕ್‌ನಲ್ಲಿ ಚಳಿಗಾಲ ಮುಗಿಯುತ್ತಾ ಬಂದಾಗ, ರಾತ್ರಿ ಎಲ್ಲ ಹೆಪ್ಪುಗಟ್ಟಿ ಹಗಲು ಹಿಮ ಕರಗುವ ದಿನಗಳಲ್ಲಿ, ಮೇಪಲ್ ಮರಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ನೋಡಲು ನೀರೇ, ಸಿಹಿ ಶೇಕಡ 2ರ ಆಸುಪಾಸು. ಸುಮಾರು 40 ಲೀಟರ್ ರಸ ಕುದಿದು ಬತ್ತಿದರೆ 1 ಲೀಟರ್ ಸಿರಪ್. ಹಾಗೆ ಬತ್ತುವಾಗ ರಸದಲ್ಲಿದ್ದ ಕ್ಯಾಲ್ಸಿಯಂ ಮ್ಯಾಲಿಕ್ ಆಮ್ಲದ ಜೊತೆ ಕೂಡಿ ಕರಗದ ಹುಡಿಯಾಗುತ್ತದೆ. ಅದಕ್ಕೆ ಶುಗರ್ ಸ್ಯಾಂಡ್ ಅನ್ನುತ್ತಾರೆ. ಸಿರಪ್ ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲೋ ಫಿಲ್ಟರ್ ಪ್ರೆಸ್‌ನಲ್ಲೋ ಸೋಸಿ ತೆಗೆಯುವುದು ಈ ಮರಳನ್ನೇ. ಅದರ ಜೊತೆ ಒಂದಿಷ್ಟು ಕ್ಯಾಲ್ಸಿಯಂ ಹೋಗುವುದು ನಿಜ. ಆದರೆ ಕರಗಿರುವ ಮ್ಯಾಂಗನೀಸ್, ಪೊಟ್ಯಾಸಿಯಂ, ಸತು ಬಟ್ಟೆಗೆ ಸಿಗುವುದಿಲ್ಲ, ಸಿರಪ್‌ನಲ್ಲೇ ಉಳಿಯುತ್ತವೆ. ಅಂಗಡಿಯ ತಿಳಿ ಸಿರಪ್ 100 ಗ್ರಾಂ ತಗೊಂಡರೂ 2.9 ಮಿಲಿಗ್ರಾಂನಷ್ಟು ಮ್ಯಾಂಗನೀಸ್ ಇರುತ್ತದೆ.

ಕಬ್ಬಿಣದ ಆಸೆಯನ್ನಂತೂ ಬಿಟ್ಟುಬಿಡು. ಅಷ್ಟೇ ಸಿರಪ್‌ನಲ್ಲಿ ಅದು 0.1 ಮಿಲಿಗ್ರಾಂ ಮಾತ್ರ. ಒಂದು ದೊಡ್ಡ ಚಮಚ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವ ಕ್ಯಾಲ್ಸಿಯಂ ಸುಮಾರು 20 ಮಿಲಿಗ್ರಾಂ, ಸಕ್ಕರೆ ಮಾತ್ರ 12 ಗ್ರಾಂ! ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 700 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುವುದು ಅಲ್ಲಿನವರ ಲೆಕ್ಕ. ನಮ್ಮ ರಾಗಿ ಹಿಟ್ಟು 100 ಗ್ರಾಂನಲ್ಲೇ 300 ಮಿಲಿಗ್ರಾಂ ಮೀರಿ ಇರುತ್ತದೆ. ಊರಿಂದ ಹೋಗುವಾಗ ಕಟ್ಟಿಕೊಂಡು ಹೋದ ಹುರಿಟ್ಟು ಇದೆಯಲ್ಲ, ಅದನ್ನು ಮಾಡಿಕೊಡು. ಎರಡು ವರ್ಷ ತುಂಬುವವರೆಗೆ ಬೇರೆಯಾಗಿ ಸೇರಿಸಿದ ಯಾವ ಸಕ್ಕರೆಯೂ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಮರದ್ದಾದರೂ ಕಬ್ಬಿನದ್ದಾದರೂ ಸಕ್ಕರೆ ಸಕ್ಕರೆಯೇ.

ನನಗೆ ಹೆಚ್ಚು ಭಯ ಇನ್ನೊಂದು ವಿಷಯಕ್ಕೆ. ಶುದ್ಧ ಪಾತ್ರೆಯಲ್ಲಿ ಕಾಯಿಸಿದ್ದಾದರೆ ಆ ಮರಳು ವಿಷವೇನಲ್ಲ. ನಾಲಿಗೆಗೆ ತರಿತರಿ, ರುಚಿ ಸ್ವಲ್ಪ ಕೆಡುತ್ತದೆ, ಅಷ್ಟೇ. ಆದರೆ ಸೀಸದ ಬೆಸುಗೆ ಹಾಕಿದ ಹಳೆಯ ಬಕೆಟ್ಟು, ತಟ್ಟೆಗಳನ್ನು ಇನ್ನೂ ಬಳಸುವವರ ಕಡೆ ರಸಕ್ಕೆ ಸೀಸ ಇಳಿಯಬಹುದು. ಹಾಗೆ ಇಳಿದ ಸೀಸ ಈ ಮರಳಿನಲ್ಲೇ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಸೀಸ ಎಷ್ಟು ಸ್ವಲ್ಪವಾದರೂ ಒಳ್ಳೆಯದಲ್ಲ.

ಹಾಗಂತ ಮೇಪಲ್ ಸಿರಪ್ಪೇ ಬೇಡ ಅನ್ನುತ್ತಿಲ್ಲ. ಅದರ ರುಚಿಗಾಗಿ ತಗೋ, ದೊಡ್ಡವರು ದೋಸೆಗೆ ಸ್ವಲ್ಪ ಸವರಿಕೊಂಡು ತಿನ್ನಿ. ಹಂಗಾಮಿನ ಕೊನೆಗೆ ಬರುವ ಕಡುಬಣ್ಣದ್ದು ನನಗೆ ಬಲು ಇಷ್ಟ, ಘಮ ಜಾಸ್ತಿ. ರೈತರ ಹತ್ತಿರ ನೇರವಾಗಿ ಕೊಳ್ಳುವಾಗ ಯಾವ ಪಾತ್ರೆಯಲ್ಲಿ ಕಾಯಿಸಿದರು, ಸೋಸಿದ್ದಾರಾ ಅಂತ ಸಂಕೋಚಪಡದೆ ಕೇಳು. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಕೊಂಡುಕೋ. ಬಾಟಲಿ ತೆರೆದ ಮೇಲೆ ಫ್ರಿಜ್‌ನಲ್ಲೇ ಇಡು. ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ.