ಗೋಡೆಯ ಬಳಿ ‘ಧಿಂ ಧಿಂ’, ನಡುವೆ ಸಪ್ಪೆ: ಏಕೆ?

ಮಕ್ಕಳೇ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಊರಹಬ್ಬಗಳಲ್ಲಿ ಪೂಜಾ ಕುಣಿತದ ತಮಟೆಯನ್ನು ಕೇಳಿದ್ದೀರಲ್ಲವೇ? ಬಯಲಿನಲ್ಲಿ ತಮಟೆಯಿಂದ ದೂರ ಹೋದಂತೆ ಸದ್ದು ಕ್ರಮೇಣ ಕಡಿಮೆಯಾಗುತ್ತದೆ. ಆದರೆ ಮನೆಯೊಳಗೆ ಹೋಂ ಥಿಯೇಟರ್ ಹಾಕಿದಾಗ ವಿಚಿತ್ರವೊಂದು ನಡೆಯುತ್ತದೆ. ಗೋಡೆಗೆ ಒರಗಿ ಕುಳಿತ ಅಜ್ಜಿಗೆ ಎದೆ ನಡುಗುವಷ್ಟು ‘ಧಿಂ ಧಿಂ’. ಕೋಣೆಯ ನಡುವೆ ಕುಳಿತ ನಿಮಗೆ ಅದೇ ಸದ್ದು ಸಪ್ಪೆ! ಸ್ಪೀಕರ್ ಕೆಟ್ಟಿದೆಯೇ? ಇಲ್ಲ, ಕಾರಣ ಕೋಣೆಯಲ್ಲಿದೆ.

ಅಲೆಯ ಅಳತೆ

ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ಆವೃತ್ತಿ. ಇದರ ಏಕಮಾನ ಹರ್ಟ್ಸ್. ಸಬ್‌ವೂಫರ್ ಎಂಬ ಸ್ಪೀಕರ್ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಧ್ವನಿಗಾಗಿಯೇ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಇದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ, ಅಂದರೆ ಒಂದು ಅಲೆಯ ಉದ್ದ ಸಿಗುತ್ತದೆ. 34 ಹರ್ಟ್ಸ್‌ಗೆ 340 ÷ 34 = 10 ಮೀಟರ್! 5 ಮೀಟರ್ ಉದ್ದದ ಕೋಣೆಯಲ್ಲಿ ಅದರ ಅರ್ಧ ಮಾತ್ರ ಹಿಡಿಸುತ್ತದೆ. ಎದುರುಬದುರು ಗೋಡೆಗಳಿಂದ ಮರಳುವ ಅಲೆಗಳು ಸೇರಿ ‘ಸ್ಥಿರ ತರಂಗ’ ಉಂಟಾಗುತ್ತದೆ.

ಮಾಡಿ ನೋಡಿ

ಇಬ್ಬರು ಉದ್ದನೆಯ ಹಗ್ಗದ ತುದಿಗಳನ್ನು ಹಿಡಿದು ಮೇಲೆ ಕೆಳಗೆ ಮೆಲ್ಲನೆ ಆಡಿಸಿ. ತುದಿಗಳು ಕಡಿಮೆ ಅಲುಗುತ್ತವೆ, ನಡುಭಾಗ ಹೆಚ್ಚು ಅಲುಗುತ್ತದೆ. ಕೋಣೆಯ ಗಾಳಿಯೂ ಹೀಗೆಯೇ. ಗೋಡೆಯ ಬಳಿ ಗಾಳಿ ಮುಂದೆ ಚಲಿಸಲಾರದು. ಅಲ್ಲಿ ಅದು ಒತ್ತಿಕೊಂಡು, ಮತ್ತೆ ಸಡಿಲವಾಗುತ್ತದೆ. ನಡುವೆ ಗಾಳಿ ಆಚೀಚೆ ಚಲಿಸಿದರೂ ಒತ್ತಡ ಹೆಚ್ಚು ಬದಲಾಗದು. ನಮ್ಮ ಕಿವಿ ಗುರುತಿಸುವುದು ಒತ್ತಡದ ಬದಲಾವಣೆಯನ್ನು. ಆದ್ದರಿಂದಲೇ ಅಜ್ಜಿಗೆ ಅಬ್ಬರ, ನಿಮಗೆ ಸಪ್ಪೆ!

ಸರಿಪಡಿಸುವುದು ಹೇಗೆ?

1. ಕೂರುವ ಜಾಗವನ್ನು ಕೋಣೆಯ ನಟ್ಟನಡುವಿನಿಂದ ಸ್ವಲ್ಪ ಸರಿಸಿ.

2. ದೊಡ್ಡವರ ನೆರವಿನಿಂದ, ವಿದ್ಯುತ್ ತೆಗೆದು, ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಡಿ. ಮತ್ತೆ ಹಾಡು ಹಾಕಿ, ಗೋಡೆಯ ಉದ್ದಕ್ಕೂ ಬಗ್ಗಿ ನಡೆಯುತ್ತಾ ಕೇಳಿ. ಮಂದ್ರ ಧ್ವನಿ ಎಲ್ಲಿ ಹದವಾಗಿ ಕೇಳುವುದೋ ಅಲ್ಲಿಗೆ ಸಬ್‌ವೂಫರನ್ನು ಸ್ಥಳಾಂತರಿಸಿ. ಸ್ಪೀಕರ್ ಮತ್ತು ಕಿವಿ ಜಾಗ ಬದಲಿಸಿಕೊಂಡರೂ ಶಬ್ದದ ದಾರಿ ಒಂದೇ.

3. ಕೊನೆಗೆ ಈಕ್ವಲೈಜರ್ ಬಳಸಿ, ಅಬ್ಬರಿಸುವ ಆವೃತ್ತಿಯನ್ನು ಮಾತ್ರ ತಗ್ಗಿಸಿ. ಸಪ್ಪೆ ಜಾಗಕ್ಕೆಂದು ಅದನ್ನು ಏರಿಸಬೇಡಿ. ಅಲ್ಲಿ ಸದ್ದು ಅಷ್ಟಕ್ಕಷ್ಟೇ. ಆದರೆ ಅಜ್ಜಿಗೂ ಪಕ್ಕದ ಮನೆಯವರಿಗೂ ನಿದ್ದೆ ಕೆಡುತ್ತದೆ. ಮಂದ್ರ ಧ್ವನಿ ಗೋಡೆಯನ್ನೂ ಸುಲಭವಾಗಿ ದಾಟುತ್ತದೆ.

ಲೆಕ್ಕ ಹಾಕಿ

ನಿಮ್ಮ ತರಗತಿ ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು 2ರಿಂದ ಗುಣಿಸಿ. 340ನ್ನು ಆ ಗುಣಲಬ್ಧದಿಂದ ಭಾಗಿಸಿ. ನಿಮ್ಮ ಕೋಣೆ ಯಾವ ಆವೃತ್ತಿಗೆ ‘ಧಿಂ’ ಎನ್ನುತ್ತದೆ?