ಎಲೆಕ್ಟಿವ್‌ಗೆ ಎಷ್ಟು ಎಕರೆ ಕಬ್ಬು?

ಬಾಗಲಕೋಟೆಯಲ್ಲಿ 2002ರಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಿಗೆ ಡಾಕ್ಟರಿಕೆ ಓದು ಬಸ್ಸು ಹತ್ತಿ ಹೋಗಿಬರುವಷ್ಟು ಹತ್ತಿರವಾಯಿತು. ಈಗ ಅದೇ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಎದ್ದಿದೆ. ಅಮೆರಿಕದಲ್ಲಿ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಮಾಡುವ ಆಸೆಯಿರುವ ಮಕ್ಕಳನ್ನು ಎಂಬಿಬಿಎಸ್ ಮುಗಿಯುವ ಮೊದಲೇ ಅಲ್ಲಿನ ಆಸ್ಪತ್ರೆಗೆ ಎಲೆಕ್ಟಿವ್‌ಗೆಂದು ಕಳಿಸಬೇಕೇ, ಕಳಿಸಿದರೆ ಎಷ್ಟು ತಿಂಗಳು, ಯಾವ ದುಡ್ಡಿನಲ್ಲಿ? ಮಗಳ ಸಲುವಾಗಿ ನಾವೂ ಇದನ್ನು ತೀರ್ಮಾನಿಸಬೇಕಾಯಿತು.

ಎಲೆಕ್ಟಿವ್ ಬೇರೆ, ಅಬ್ಸರ್ವರ್‌ಶಿಪ್ ಬೇರೆ. ಎಲೆಕ್ಟಿವ್‌ನಲ್ಲಿ ವಿದ್ಯಾರ್ಥಿ ರೋಗಿಯನ್ನು ಮಾತನಾಡಿಸುತ್ತಾಳೆ, ಪರೀಕ್ಷಿಸುತ್ತಾಳೆ, ಬೆಳಗಿನ ರೌಂಡ್ಸ್‌ನಲ್ಲಿ ಕೇಸ್ ಒಪ್ಪಿಸುತ್ತಾಳೆ. ಅಬ್ಸರ್ವರ್‌ಶಿಪ್‌ನಲ್ಲಿ ಹಿಂದೆ ನಿಂತು ನೋಡಬೇಕು, ಅಷ್ಟೇ. ಎಲೆಕ್ಟಿವ್ ಸಿಗುವುದು ವಿದ್ಯಾರ್ಥಿಯಾಗಿರುವವರೆಗೆ. ಕೆಲವು ಕಡೆ ಇಂಟರ್ನ್‌ಗಳನ್ನೂ ತೆಗೆದುಕೊಳ್ಳುತ್ತಾರೆ, ಹಲವು ಕಡೆ ಇಲ್ಲ. ಪದವಿ ಕೈಗೆ ಬಂದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. 2022ರ ಜನವರಿಯಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್-1 ಬರೀ ಪಾಸು-ಫೇಲು ಆಗಿದೆ. ಮೊದಲು ದೊಡ್ಡ ಅಂಕ ತೋರಿಸಿ ಮುಂದೆ ಹೋಗುತ್ತಿದ್ದ ನಮ್ಮ ಮಕ್ಕಳಿಗೆ ಈಗ ಸ್ಟೆಪ್-2 ಅಂಕದ ಜೊತೆ, ಅಲ್ಲಿನ ಡಾಕ್ಟರು ಕಣ್ಣಾರೆ ಕೆಲಸ ನೋಡಿ ಬರೆದ ಶಿಫಾರಸು ಪತ್ರ ಬೇಕು. ಎಲೆಕ್ಟಿವ್‌ಗೆ ಕೊಡುವ ದುಡ್ಡು ನಿಜಕ್ಕೂ ಆ ಪತ್ರಕ್ಕಾಗಿ.

ಇನ್ನು ಲೆಕ್ಕ. ಆಸ್ಪತ್ರೆಯ ಫೀ, ಅರ್ಜಿ ಶುಲ್ಕ, 185 ಡಾಲರಿನ ವೀಸಾ, ಅದರ ಸಂದರ್ಶನಕ್ಕೆ ಚೆನ್ನೈ ಓಡಾಟ, ವಿಮಾನದ ಟಿಕೆಟ್, ಬಾಡಿಗೆ ಕೋಣೆ, ವಿಮೆ, ಲಸಿಕೆ ಮತ್ತು ರಕ್ತ ಪರೀಕ್ಷೆಯ ದಾಖಲೆ. ಒಂದು ತಿಂಗಳಿಗೆ ನಮ್ಮ ಅಂದಾಜು ನಾಲ್ಕೂವರೆ ಲಕ್ಷದ ಹತ್ತಿರ ನಿಂತಿತು. ನಮ್ಮ ಕಡೆ ಇದನ್ನು ಕಬ್ಬಿನಲ್ಲಿ ಅಳೆದರೆ ಬೇಗ ತಿಳಿಯುತ್ತದೆ. 2025ರ ನವೆಂಬರಿನ ಕಬ್ಬು ಬೆಳೆಗಾರರ ಹೋರಾಟದ ನಂತರ ಸರ್ಕಾರ ಹೇಳಿದ ದರ ಟನ್ನಿಗೆ 3,300 ರೂಪಾಯಿ. ಎಕರೆಗೆ 40 ಟನ್ ಬಂದರೆ 1.32 ಲಕ್ಷ. ಗೊಬ್ಬರ, ಆಳು, ನೀರಿನ ಖರ್ಚು ಕಳೆಯುವ ಮೊದಲೇ ಮೂರು ಎಕರೆಯ ಇಡೀ ಬಿಲ್ಲು ಒಂದು ತಿಂಗಳ ಎಲೆಕ್ಟಿವ್‌ಗೆ ಸಾಲುವುದಿಲ್ಲ.

ಬಿಲ್ಲು ಬರುವ ದಿನವೂ ನಮ್ಮ ಕೈಯಲ್ಲಿಲ್ಲ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿ ಕಂಡ ರೈತ ಎಷ್ಟು ಮಂದಿ ಎಂಬುದು ಓದುಗರಿಗೇ ಗೊತ್ತು. ಅಮೆರಿಕದ ಆಸ್ಪತ್ರೆ ಮಾತ್ರ ಹೇಳಿದ ದಿನಕ್ಕೆ ಫೀ ಬೇಡುತ್ತದೆ, ಅದೂ ಎಷ್ಟೋ ತಿಂಗಳು ಮೊದಲೇ. ಹಾಗಾಗಿ ಬರಲಿರುವ ಬಿಲ್ಲನ್ನು ನಂಬಿ ತಾರೀಖು ಗೊತ್ತು ಮಾಡಬಾರದು ಎಂದು ಮನೆಯಲ್ಲಿ ಮೊದಲೇ ನಿಶ್ಚಯಿಸಿದೆವು. ಹಿಂದಿನ ಹಂಗಾಮಿನ ಹಣ ಠೇವಣಿಯಲ್ಲಿತ್ತು, ಅದನ್ನೇ ತೆಗೆದೆವು.

ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟಿರುವ ನನ್ನ ತಮ್ಮ, “ಅಣ್ಣಾ, ಎಷ್ಟ್ ಬೇಕಾಗ್ತದ ಹೇಳು, ಸೊಸಾಯಿಟಿಯಿಂದ ತಗಸೂನು. ಎರಡ್ ಮೂರ್ ತಿಂಗಳ ಇದ್ದ ಬರಲಿ” ಎಂದ. ಪ್ರೀತಿಯಿಂದಲೇ ಹೇಳಿದ. ಮಗಳು ಒಪ್ಪಲಿಲ್ಲ. “ಕಾಕಾ, ಒಂದ್ ತಿಂಗಳ ಸಾಕು. ಆದ್ರ ಆಸ್ಪತ್ರಿ ಸರಿಯಾಗಿ ಆರಿಸಬೇಕು” ಎಂದಳು. ಅವಳ ನೋಟ್‌ಬುಕ್ಕಿನಲ್ಲಿ ಮೂರು ಗೀಟು ಎಳೆದ ಪುಟವಿತ್ತು: ಆಸ್ಪತ್ರೆಯ ಹೆಸರು, ಫೀ, ಮತ್ತು ಅಲ್ಲಿ ಈಗಿರುವ ರೆಸಿಡೆಂಟುಗಳಲ್ಲಿ ಭಾರತದ ಕಾಲೇಜುಗಳಿಂದ ಬಂದವರು ಎಷ್ಟು. ಅಲ್ಲಿನ ಆಸ್ಪತ್ರೆಗಳು ರೆಸಿಡೆಂಟುಗಳ ಹೆಸರು, ಓದಿದ ಕಾಲೇಜು ಎಲ್ಲ ಬಹಿರಂಗವಾಗಿ ಹಾಕುವುದು ವಾಡಿಕೆ. ಮೂರನೇ ಸಾಲಿನಲ್ಲಿ ಸೊನ್ನೆಯಿದ್ದ ಆಸ್ಪತ್ರೆಗಳನ್ನು, ಹೆಸರು ಎಷ್ಟೇ ದೊಡ್ಡದಿದ್ದರೂ, ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದಳು. ವಿದೇಶಿ ಪದವೀಧರರನ್ನು ಕೆಲಸಕ್ಕೇ ತೆಗೆದುಕೊಳ್ಳದ ಕಡೆ ತಿಂಗಳುಗಟ್ಟಲೆ ದುಡಿದು ಬಂದರೆ ಪತ್ರ ಸಿಗಬಹುದು, ಸಂದರ್ಶನದ ಕರೆ ಬರುವುದು ಕಷ್ಟ. ನಾನು ಕೈಯಲ್ಲಿ ಹಿಡಿದ ಹಣಕಾಸಿನ ಕಾಗದಗಳಲ್ಲಿ ಆ ಪುಟದಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಎರಡನೇ ತಿಂಗಳು ಬೇಡ ಎಂದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಖರ್ಚು ಎಲೆಕ್ಟಿವ್‌ಗೇ ಮುಗಿಯುವುದಿಲ್ಲ. ಸ್ಟೆಪ್ ಪರೀಕ್ಷೆಗಳು ಒಂದೊಂದೂ ಸಾವಿರ ಡಾಲರ್ ದಾಟುತ್ತವೆ. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕುವಾಗ ಮೊದಲ 30 ರೆಸಿಡೆನ್ಸಿ ಕಾರ್ಯಕ್ರಮಗಳಿಗೆ ತಲಾ 11 ಡಾಲರ್, ಆಮೇಲಿನ ಒಂದೊಂದಕ್ಕೂ 30 ಡಾಲರ್. ನೂರು ಕಡೆ ಹಾಕಿದರೆ 2,430 ಡಾಲರ್. ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ ನಾಲ್ಕು ಶಿಫಾರಸು ಪತ್ರ ಕಳಿಸಬಹುದು. ಒಂದೆರಡು ಅಲ್ಲಿಯವು, ಉಳಿದವು ನಮ್ಮ ಕಾಲೇಜಿನವು ಸಾಕು ಎಂದು ಅವಳ ಸೀನಿಯರ್‌ಗಳೂ ಹೇಳಿದರು.

ವಿದೇಶಕ್ಕೆ ಹಣ ಕಳಿಸುವಾಗ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ತೆರಿಗೆ ಹಿಡಿಯುವುದಿಲ್ಲ. ಅಪ್ಪ, ಅವ್ವ, ಮಗಳು ಯಾರ ಹೆಸರಿನಿಂದ ಎಷ್ಟು ಹೋಯಿತು ಎಂದು ಬರೆದಿಡಿ.

ಇಷ್ಟೆಲ್ಲ ಮಾಡಿದ ಮೇಲೂ ರೆಸಿಡೆನ್ಸಿ ಸೀಟು ಖಾತ್ರಿಯಲ್ಲ. 2025ರಲ್ಲಿ ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಸೀಟು ಸಿಕ್ಕದ್ದು ನೂರಕ್ಕೆ 58 ಮಂದಿಗೆ. ಸಿಕ್ಕವರಿಗೆ ಮೊದಲ ವರ್ಷದಿಂದಲೇ 60 ಸಾವಿರ ಡಾಲರಿಗೂ ಮೇಲೆ ಸಂಬಳ. ಸಿಗದ 42 ಮಂದಿಯ ಮನೆಯವರು ಮಾಡಿದ ಖರ್ಚು ಯಾರೂ ಹಿಂದಿರುಗಿಸುವುದಿಲ್ಲ.

ಪದವಿ ಮುಗಿಸಿದವರಿಗೆ ಮೂರು ತಿಂಗಳ ಅಬ್ಸರ್ವರ್‌ಶಿಪ್ ಪ್ಯಾಕೇಜು ಮಾರುವ ಏಜೆಂಟರು ನಮ್ಮ ಊರುಗಳಿಗೂ ಬಂದಿದ್ದಾರೆ. ನಮಗೂ ಒಬ್ಬರು ಫೋನ್ ಮಾಡಿ “ಪತ್ರ ಗ್ಯಾರಂಟಿ” ಎಂದರು. ದುಡ್ಡಿಗೆ ಗ್ಯಾರಂಟಿಯಾಗಿ ಸಿಗುವ ಪತ್ರಕ್ಕೆ ಅಲ್ಲಿನ ಡಾಕ್ಟರುಗಳು ಯಾಕೆ ಬೆಲೆ ಕೊಡುತ್ತಾರೆ? ಮಗ ಅಥವಾ ಮಗಳು ಇನ್ನೂ ಫೈನಲ್ ಇಯರ್‌ಗೆ ಬಂದಿಲ್ಲದಿದ್ದರೆ ಇವತ್ತೇ ಕೂಡಿಸಿಕೊಂಡು ಮಾತಾಡಿ, ಆ ಮೂರು ಗೀಟಿನ ಪುಟ ಬರೆಸಿ. ಹೊಲವನ್ನೋ ಬಂಗಾರವನ್ನೋ ಒತ್ತೆಯಿಟ್ಟು ಮಾತ್ರ ಕಳಿಸಬೇಡಿ.