ಅಡಿಗೆಯ ಉಪ್ಪೂ ರಕ್ತದ ಒತ್ತಡವೂ

ತೆಂಗಿನ ಮರಕ್ಕೆ ಕೆಂಪುಮೂತಿ ಹುಳು ಬಿದ್ದಲ್ಲಿ ಬಹುಕಾಲ ಹೊರಗೆ ಯಾವ ಕುರುಹೂ ತೋರುವುದಿಲ್ಲ. ಗರಿಗಳು ಹಸುರಾಗಿರುವುವು, ಹೊಂಬಾಳೆಯೂ ಒಡೆಯುತ್ತಿರುವುದು. ಒಂದು ದಿನ ಸುಳಿ ಮುರಿದು ಬಿದ್ದಾಗಲೇ ಒಳಗಿನ ತಿರುಳು ಹುಳುವಿನ ಪಾಲಾಗಿತ್ತೆಂದು ಯಜಮಾನನಿಗೆ ಗೊತ್ತಾಗುವುದು. ರಕ್ತದ ಒತ್ತಡ ಏರುವ ಬಗೆಯೂ ಇಂಥದೇ. ಸಾಮಾನ್ಯವಾಗಿ ನೋವಿರದು, ಜ್ವರವಿರದು, ಹಸಿವು ಕುಗ್ಗದು. ಸುಗ್ಗಿಯ ಕಣದಲ್ಲಿ ನಿಂತಿದ್ದ ಯಜಮಾನನು ಪಾರ್ಶ್ವವಾಯು ಬಡಿದು ಒಂದು ಕೈಯನ್ನೂ ಮಾತನ್ನೂ ಕಳೆದುಕೊಂಡರೆ, ಸಾಲದ ಲೆಕ್ಕವನ್ನು ಬಲ್ಲವರಿಲ್ಲದೆ ಸಂಸಾರವೇ ಕಂಗೆಡುವುದು.

ಒತ್ತಡವನ್ನು ಅಳೆದು ನೋಡುವುದೊಂದೇ ಇದಕ್ಕೆ ಪರೀಕ್ಷೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಗಾಜಿನ ಕೊಳವೆಯನ್ನು ಹೊಂದಿಸಿ, ಅದರಲ್ಲಿ ರಕ್ತವು 8 ಅಡಿಗೂ ಮೇಲೇರಿದುದನ್ನು 1733 ರಲ್ಲಿ ಗ್ರಂಥಸ್ಥ ಮಾಡಿದನು. ಈಗ ತೋಳಿಗೆ ಪಟ್ಟಿ ಸುತ್ತಿದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವೇ ನಿಮಿಷಗಳ ಕೆಲಸ. ಅಳೆಯಿಸುವುದಕ್ಕೆ ಅರ್ಧ ಘಂಟೆ ಮೊದಲು ಕಾಫಿ, ಹೊಗೆಸೊಪ್ಪುಗಳನ್ನು ಬಿಟ್ಟಿದ್ದು, 5 ನಿಮಿಷ ಸುಮ್ಮನೆ ಕುಳಿತಿರತಕ್ಕದ್ದು. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ ಮೇಲಿನ ಅಂಕಿ 140 ನ್ನಾಗಲಿ ಕೆಳಗಿನದು 90 ನ್ನಾಗಲಿ ಮುಟ್ಟಿದರೆ ಒತ್ತಡ ಹೆಚ್ಚೆಂದು ತಿಳಿಯಬೇಕು. ಗೊಬ್ಬರ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವ ಜಮೀನುದಾರರಲ್ಲಿಯೂ ತಮ್ಮ ತೋಳನ್ನು ಪರೀಕ್ಷೆಗೆ ಒಡ್ಡದವರಿರುವುದು ವಿಚಿತ್ರವೇ ಸರಿ.

ಉಪ್ಪಿಗೂ ಇದಕ್ಕೂ ಇರುವ ಸಂಬಂಧವು ಚೌಳು ಭೂಮಿಯನ್ನು ಕಂಡವರಿಗೆ ಸುಲಭವಾಗಿ ಮನದಟ್ಟಾಗುವುದು. ಬಸಿಗಾಲುವೆ ಸಾಲದ ಜಮೀನಿನಲ್ಲಿ ನೀರೂ ಲವಣವೂ ಒಟ್ಟಿಗೆ ನಿಲ್ಲುವಂತೆ, ಮೂತ್ರಪಿಂಡಗಳು ಹೊರಹಾಕಲಾರದಷ್ಟು ಉಪ್ಪು ಸೇರಿದಲ್ಲಿ ಅದರೊಡನೆ ನೀರೂ ಶರೀರದಲ್ಲಿ ನಿಂತು, ನಾಳಗಳ ಮೇಲೆ ಒತ್ತಡ ಏರುವುದು. ಬಿಸಿಲಿನಲ್ಲಿ ದಿನವೆಲ್ಲಾ ದುಡಿದು ಬೆವರುವವನ ಊಟದ ಉಪ್ಪು ಒಂದು ಮಾತು. ಉಳುಮೆಯನ್ನು ಟ್ರ್ಯಾಕ್ಟರಿಗೂ ನೀರೆತ್ತುವುದನ್ನು ಪಂಪಿಗೂ ಒಪ್ಪಿಸಿ ಬದುವಿನ ಮೇಲೆ ನಿಲ್ಲುವವನೂ ಅಷ್ಟೇ ಉಪ್ಪನ್ನು ಉಣ್ಣುವುದು ಬೇರೊಂದು ಮಾತು.

ಪ್ರಯೋಗ ತಾಕುಗಳನ್ನು ಕಂಡ ರೈತರಿಗೆ ಒಪ್ಪಿಗೆಯಾಗುವಂಥ ಪ್ರಯೋಗವೊಂದು ಉತ್ತರ ಚೀನಾದ 600 ಹಳ್ಳಿಗಳಲ್ಲಿ ನಡೆಯಿತು. ಇಲ್ಲಿ ತಾಕಿಗೆ ಬದಲು ಹಳ್ಳಿಯೇ ತಾಕು. ಹಿಂದೆ ಪಾರ್ಶ್ವವಾಯು ಬಡಿದಿದ್ದವರು, ಇಲ್ಲವೆ 60 ವರ್ಷ ತುಂಬಿ ಒತ್ತಡ ಹೆಚ್ಚಿದ್ದವರು, ಹೀಗೆ ಸುಮಾರು 21,000 ಜನರನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ ಅವರಿಗೆ ಸುಮಾರು 4 ರಲ್ಲಿ 1 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಕೊಡಲಾಯಿತು. ಉಳಿದ ಹಳ್ಳಿಗಳವರು ಎಂದಿನ ಉಪ್ಪನ್ನೇ ಬಳಸಿದರು. ಸುಮಾರು 5 ವರ್ಷಗಳ ತರುವಾಯ 2021 ರಲ್ಲಿ ಪ್ರಕಟವಾದ ಫಲವೇನೆಂದರೆ, ಉಪ್ಪು ಬದಲಾದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14 ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡದ ರೋಗವುಳ್ಳವರಿಗೆ ಈ ಬೆರಕೆ ಉಪ್ಪು ಅಪಾಯಕರ; ಒತ್ತಡದ ಕೆಲವು ಮಾತ್ರೆಗಳೊಡನೆಯೂ ಸಲ್ಲದು. ವೈದ್ಯರನ್ನು ಕೇಳದೆ ಇದನ್ನು ಕೊಳ್ಳಕೂಡದು.

ಎಂದಿನ ಉಪ್ಪನ್ನೇ ಕಡಿಮೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗೂ ಕಡಿಮೆ, ಎಂದರೆ ಸಮಮಟ್ಟದ ಒಂದು ಟೀ ಚಮಚದಷ್ಟೂ ಮೀರದಂತೆ. ಐವರು ದೊಡ್ಡವರಿರುವ ಮನೆಯಲ್ಲಿ 1 ಕಿಲೋ ಪೊಟ್ಟಣವು 40 ದಿನಗಳಿಗಾದರೂ ಬರತಕ್ಕದ್ದು. ಒಡೆದ ದಿನದ ತಾರೀಖನ್ನು ಪೊಟ್ಟಣದ ಮೇಲೆ ಬರೆದಿಟ್ಟರೆ ಲೆಕ್ಕ ತಾನಾಗಿ ಹೊರಬೀಳುವುದು. 20 ದಿನಕ್ಕೇ ಮುಗಿದಲ್ಲಿ ತಲೆಗೆ 10 ಗ್ರಾಮಾಯಿತು. ದನಗಳಿಗೆ ಹಾಕುವುದನ್ನೂ ಆಳುಗಳ ಊಟದ್ದನ್ನೂ ಇದರಲ್ಲಿ ಕಳೆಯಬೇಕು. ಅಂಗಡಿಯ ಖಾರದ ತಿಂಡಿ, ಕೊಂಡುತಂದ ಹಪ್ಪಳಗಳಲ್ಲಿರುವುದನ್ನು ಕೂಡಿಸಬೇಕು. ರಾಗಿಮುದ್ದೆಯಲ್ಲಿ ದೋಷವಿಲ್ಲ, ಉಪ್ಪು ಬರುವುದು ಸಾರಿನಿಂದ, ಉಪ್ಪಿನಕಾಯಿಯಿಂದ, ಎಲೆಯ ತುದಿಗೆ ಬಡಿಸುವ ಚಿಟಿಕೆಯಿಂದ. ಒಂದೇ ದಿನ ಅರ್ಧಕ್ಕಿಳಿಸಿದರೆ ಯಜಮಾನನೇ ಎಲೆ ಬಿಟ್ಟು ಏಳುವನು. ವಾರವಾರವೂ ಸ್ವಲ್ಪಸ್ವಲ್ಪವೇ ಇಳಿಸಿ, ನಿಂಬೆಯ ಹುಳಿ, ಬೆಳ್ಳುಳ್ಳಿ, ಕೊತ್ತಂಬರಿಗಳಿಂದ ರುಚಿಗೂಡಿಸಿದರೆ ನಾಲಗೆ ಒಗ್ಗಿಕೊಳ್ಳುವುದು. ಸೈಂಧವ ಲವಣದಿಂದ ಒತ್ತಡ ಏರದೆಂಬ ನಂಬಿಕೆ ಸರಿಯಲ್ಲ. ಅದೂ ಬಹುಮಟ್ಟಿಗೆ ಅದೇ ಉಪ್ಪು. ಬಳಸುವ ಅಲ್ಪ ಉಪ್ಪು ಅಯೋಡಿನ್ ಸೇರಿದುದಾಗಿರಲಿ.

ಹಿತ್ತಿಲಿನ ಕೈತೋಟವೂ ಇಲ್ಲಿ ಔಷಧಕ್ಕೆ ಸಮಾನ. ಅಮೆರಿಕಾದಲ್ಲಿ 1997 ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಉಪ್ಪನ್ನು ಬದಲಿಸದೆ, ತರಕಾರಿ, ಹಣ್ಣು, ಕೆನೆ ತೆಗೆದ ಹಾಲುಗಳನ್ನು ಹೆಚ್ಚಿಸಿ ಕೊಬ್ಬನ್ನು ತಗ್ಗಿಸಿದ ಆಹಾರದಿಂದಲೇ ಒತ್ತಡವುಳ್ಳವರಲ್ಲಿ ಮೇಲಿನ ಅಂಕಿ ಸರಾಸರಿ 11 ರಷ್ಟು ಇಳಿಯಿತು. ನುಗ್ಗೆ ಸೊಪ್ಪು, ದಂಟು, ಬಾಳೆ, ಅವರೆ, ಹುರುಳಿಗಳು ನಮ್ಮಲ್ಲಿ ಅಗ್ಗ. ಆದರೆ ಬೆಳೆದುದೆಲ್ಲಾ ಸಂತೆಗೆ ಹೋಗಿ, ಬೆಳೆದ ಮನೆಯವರು ಉಪ್ಪಿನಕಾಯಿಯಲ್ಲಿ ಊಟ ಮುಗಿಸುವ ಪದ್ಧತಿ ಹಲವೆಡೆ ಇರುವುದು ಶೋಚನೀಯ.

ಹೊಲಕ್ಕೆ ಮೋಟಾರ್ ಸೈಕಲ್ಲನ್ನು ಬಿಟ್ಟು ಬಿರುಸಾಗಿ ನಡೆದು ಹೋಗಿಬಂದರೆ ವಾರಕ್ಕೆ ಬೇಕಾದ 150 ನಿಮಿಷಗಳ ನಡಿಗೆ ಸಲೀಸಾಗಿ ಒದಗುವುದು. ಹೊಟ್ಟೆಯ ಬೊಜ್ಜು ಕರಗಬೇಕು; ಮದ್ಯ, ಬೀಡಿ, ಹೊಗೆಸೊಪ್ಪುಗಳನ್ನು ಬಿಡಬೇಕು. ಮಾತ್ರೆ ನುಂಗುತ್ತಿರುವವರು ಅಂಕಿ ಇಳಿಯಿತೆಂದು ತಾವಾಗಿ ಮಾತ್ರೆಯನ್ನು ನಿಲ್ಲಿಸಕೂಡದು. ಇಳಿದಿರುವುದು ಮಾತ್ರೆಯ ಬಲದಿಂದಲೇ ಇರಬಹುದಾದ್ದರಿಂದ, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ನಡೆಯತಕ್ಕದ್ದು.